ನಕ್ಷತ್ರಿಕನ ತಗಾದೆ: ಹಾಸ್ಯನಟ ನರಸಿಂಹರಾಜು ಮತ್ತು ಗಡಿನಾಡಿನ ಪ್ರೇಕ್ಷಕ

ವಾಡಿ ಜಂಕ್ಷನ್ನಿನಿಂದ ಪೂರ್ವಕ್ಕೆ ಹೊರಡುವ ರೈಲುಮಾರ್ಗ ಚಿತ್ತಾಪುರ, ಸೇಡಂಗಳನ್ನು ಹಾದು ತೆಲಂಗಾಣವನ್ನು ಪ್ರವೇಶಿಸುತ್ತದೆ. ನಿಜಾಮರ ಕಾಲದಲ್ಲಿ ಹಾಕಿದ ಮಾರ್ಗವಿದು. ಶಹಾಬಾದಿನ ಹಾಸುಗಲ್ಲಿನ ಗಣಿಗಳು, ವಾಡಿಯ ಸಿಮೆಂಟು, ರೈಲು ಮುಟ್ಟದ ಚಿಂಚೋಳಿಯ ಕಾಡು ಇವೆಲ್ಲವನ್ನು ಒಳಗೊಂಡ ಈ ಸೀಮೆಯಲ್ಲಿ ಕನ್ನಡ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ವ್ಯವಹರಿಸುತ್ತವೆ. 1948ರವರೆಗೆ ಇಲ್ಲಿನ ಆಡಳಿತಭಾಷೆ ಉರ್ದು. ಮೈಸೂರು ರಾಜ್ಯಕ್ಕೆ ಈ ಪ್ರದೇಶ ಸೇರಿದ್ದು 1956ರಲ್ಲಿ. ಕಚೇರಿಯ ಕನ್ನಡ ಇಲ್ಲಿಗೆ ತಡವಾಗಿ ಬಂದಿತಾದರೂ ಆಟದ ಕನ್ನಡ ಮೊದಲಿನಿಂದಲೂ ಇತ್ತು. ಹಳೆಯ ಮೈಸೂರಿನ ಒಬ್ಬ ಹಾಸ್ಯನಟನ ಕಲೆಯನ್ನು ಈ ಭಾಗದಿಂದ ನಿಂತು ನೋಡುವಾಗ ಈ ಅಂಶವನ್ನು ಮರೆಯುವಂತಿಲ್ಲ.

ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ 1923ರಲ್ಲಿ ಜನಿಸಿದ ನರಸಿಂಹರಾಜು ಅವರು ನಾಲ್ಕನೆಯ ವಯಸ್ಸಿನಲ್ಲಿಯೇ ಸಿ.ಬಿ. ಮಲ್ಲಪ್ಪನವರ ಶ್ರೀ ಚಂದ್ರಮೌಳೇಶ್ವರ ನಾಟಕ ಸಭಾ ಸೇರಿದರು. ಅಲ್ಲಿ ಪ್ರಹ್ಲಾದ, ಲೋಹಿತಾಶ್ವ, ಕೃಷ್ಣ ಮುಂತಾದ ಬಾಲಪಾತ್ರಗಳನ್ನು ವಹಿಸಿದರು. ಎಡತೊರೆ ಕಂಪನಿ, ಹಿರಣ್ಣಯ್ಯ ಮಿತ್ರಮಂಡಳಿ, ಕೊನೆಗೆ ಗುಬ್ಬಿ ಕಂಪನಿ, ಹೀಗೆ ಸಂಸ್ಥೆಯಿಂದ ಸಂಸ್ಥೆಗೆ ಸಾಗಿದ ಅವರು ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ (1954) ಚಿತ್ರದ ಕಾಶಿಯ ಪಾತ್ರದಿಂದ ಚಲನಚಿತ್ರ ರಂಗಕ್ಕೆ ಬಂದರು. ಆ ಹೊತ್ತಿಗೆ ರಂಗಭೂಮಿಯಲ್ಲಿ ಅವರ 27 ವರ್ಷಗಳು ಕಳೆದಿದ್ದವು. 1979ರಲ್ಲಿ ನಿಧನರಾಗುವವರೆಗಿನ ಚಿತ್ರಜೀವನ 25 ವರ್ಷಗಳದು. ಎರಡು ನೂರಕ್ಕೂ ಹೆಚ್ಚು ಚಿತ್ರಗಳ ಕೀರ್ತಿಯಲ್ಲಿ ಈ ಸರಳ ಲೆಕ್ಕ ಮಸುಕಾಗಿದೆ. ಅವರನ್ನು ಕೇವಲ ‘ಸಿನಿಮಾ ಹಾಸ್ಯನಟ’ ಎಂದು ಕರೆಯುವುದು ಅವರ ವೃತ್ತಿಯ ದೊಡ್ಡ ಅರ್ಧವನ್ನು ಬಿಟ್ಟುಕೊಟ್ಟಂತೆ.

ಚಿತ್ರರಂಗವಾದರೂ ಅವರನ್ನು ರಂಗದಿಂದ ಪೂರ್ತಿ ಬಿಡಿಸಲಿಲ್ಲ. ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳ ನಿರ್ಮಾಣ ತೀರ ವಿರಳವಾಗಿತ್ತು. ಪ್ರಸಿದ್ಧಿ ಬಂದಿತ್ತು, ಕೆಲಸವಿರಲಿಲ್ಲ. ಆಗ ರಾಜಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು ಒಟ್ಟಾಗಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ನಾಟಕವಾಡಿ, ‘ರಣಧೀರ ಕಂಠೀರವ’ (1960) ಚಿತ್ರವನ್ನು ತೆರೆಗೆ ತಂದರು. ತೆರೆಯ ಮೇಲೆ ಕಂಡ ಮುಖ ಮತ್ತೆ ಗ್ಯಾಸ್‌ಲೈಟಿನ ಬೆಳಕಿಗೆ ಬಂದದ್ದು ಅಭಿರುಚಿಯಿಂದಲ್ಲ, ಅನ್ನದ ಅಗತ್ಯದಿಂದ.

ಇಷ್ಟು ದೀರ್ಘ ದುಡಿಮೆಯಲ್ಲಿ ಜಾನಪದದ ದೃಷ್ಟಿಯಿಂದ ಬಹು ಮುಖ್ಯವಾದುದು ‘ಸತ್ಯ ಹರಿಶ್ಚಂದ್ರ’ (1965) ಚಿತ್ರದ ನಕ್ಷತ್ರಿಕ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ವಿಶ್ವಾಮಿತ್ರನ ಪರವಾಗಿ ಸಾಲ ವಸೂಲಿಗೆ ಬರುವ ಈತ ಕಾವ್ಯದಿಂದ ಇಳಿದು ಗಾದೆಯ ಲೋಕಕ್ಕೆ ಸೇರಿದ್ದಾನೆ. ಬೆನ್ನು ಬಿಡದೆ ಕಾಡುವವನನ್ನು ಇಂದಿಗೂ ನಕ್ಷತ್ರಿಕನೆಂದೇ ಕರೆಯುತ್ತಾರೆ. ತೆಲುಗಿನಲ್ಲಿಯೂ ಹಾಗೆಯೇ. ಅಲ್ಲಿ ಗೌರನನ ಕಾವ್ಯದಿಂದ ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ನಾಟಕದವರೆಗೆ ಈ ಪಾತ್ರ ಬೆಳೆದುಬಂದಿದೆ. ಆದುದರಿಂದ ಸೇಡಂ, ಚಿಂಚೋಳಿಗಳಂತಹ ಗಡಿಯೂರುಗಳ ಪ್ರೇಕ್ಷಕನಿಗೆ ನಕ್ಷತ್ರಿಕ ಎರಡು ಭಾಷೆಗಳಿಂದ ಪರಿಚಿತ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ಕನ್ನಡ ಚಿತ್ರದೊಂದಿಗೆ ಅದೇ ಕಥೆಯ ತೆಲುಗು ಚಿತ್ರವೂ ಅದೇ ವರ್ಷ ಬಂದಿತು. ಗೆದ್ದದ್ದು ಕನ್ನಡದ್ದು.

ಆ ಗೆಲುವಿನಲ್ಲಿ ನಕ್ಷತ್ರಿಕನ ಪಾಲು ಸಣ್ಣದಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರವಿದೆ. ರಾಜನ ಪಾತ್ರಧಾರಿ ಗ್ರಾಂಥಿಕ ಭಾಷೆಯಲ್ಲಿ ಆರ್ಭಟಿಸುವಾಗ ಸಾರಥಿ ಊರಿನ ಮಾತಿನಲ್ಲಿ ಆತನನ್ನು ಪ್ರಶ್ನಿಸುತ್ತಾನೆ, ಕೆಣಕುತ್ತಾನೆ, ಮೆಲ್ಲನೆ ನೆಲಕ್ಕಿಳಿಸುತ್ತಾನೆ. ಅವನು ಅರ್ಧ ರಂಗದವನು, ಅರ್ಧ ಪ್ರೇಕ್ಷಕರವನು. ನರಸಿಂಹರಾಜು ಅವರ ನಕ್ಷತ್ರಿಕ ನಿಂತಿರುವುದೂ ಈ ಎಡೆಯಲ್ಲಿಯೇ. ಹರಿಶ್ಚಂದ್ರನ ಸತ್ಯ ಎತ್ತರದ್ದು. ಆ ಎತ್ತರಕ್ಕೆ ಹಸಿವು, ದಣಿವು, ಬಡ್ಡಿ, ಗಡುವುಗಳ ಭಾಷೆಯಲ್ಲಿ ಎದುರು ನಿಲ್ಲುವವನು ನಕ್ಷತ್ರಿಕ. ಅವನಿಲ್ಲದಿದ್ದರೆ ರಾಜನ ಸತ್ಯಕ್ಕೆ ಪರೀಕ್ಷೆಯೇ ಇಲ್ಲ. ನಗಿಸುತ್ತಲೇ ಕ್ರೂರನಾಗುವ ಈ ಪಾತ್ರವನ್ನು ‘ಹಾಸ್ಯ ಸನ್ನಿವೇಶ’ ಎಂದು ಕಥೆಯಿಂದ ಬೇರ್ಪಡಿಸಿ ಹೊಗಳುವ ವಿಮರ್ಶೆಯ ರೂಢಿ ಸರಿಯಾದುದಲ್ಲ. ದೊಡ್ಡಾಟದಿಂದ ಸಾರಥಿಯನ್ನು ತೆಗೆದರೆ ಉಳಿಯುವುದು ಬರಿಯ ಕಿರೀಟಗಳು.

ನರಸಿಂಹರಾಜು ದೊಡ್ಡಾಟದಿಂದ ಬಂದವರಲ್ಲ ಎಂಬುದು ನಿಜ. ಅವರ ಗುರುಕುಲ ವೃತ್ತಿನಾಟಕದ ಕಂಪನಿ. ಆದರೆ ಕಂಪನಿಯ ಹಾಸ್ಯಗಾರನಿಗೆ ಬಯಲಾಟದ ಕೋಡಂಗಿ, ಸಾರಥಿಗಳೊಡನೆ ನಂಟುಂಟು. ಪಠ್ಯಕ್ಕೆ ಅಂಟದೆ ಸಭೆಯ ಮುಖ ನೋಡಿ ಮಾತು ಹೆಣೆಯುವ ಶಕ್ತಿ ಇವರೆಲ್ಲರಿಗೂ ಸಮಾನವಾದುದು. ಉಬ್ಬುಹಲ್ಲು, ತೆಳ್ಳನೆಯ ಮೈ, ಏರಿಳಿಯುವ ದನಿ ಇವು ಅವರ ಸಾಧನಗಳು ಮಾತ್ರ. ಸಮಯಜ್ಞಾನ ಕಂಪನಿ ಕಲಿಸಿದ್ದು. ಬಾಲ್ಯದಲ್ಲಿ ಲೋಹಿತಾಶ್ವನಾಗಿ ಹರಿಶ್ಚಂದ್ರನ ಕೈಹಿಡಿದು ನಡೆದವರೇ ಮುಂದೆ ಅದೇ ಅರಸನ ಬೆನ್ನುಹತ್ತುವ ಸಾಲಿಗನ ದೂತರಾದದ್ದು ಕುತೂಹಲಕರ. ಆ ಕಥೆಯನ್ನು ಅವರು ಓದಿ ತಿಳಿದವರಲ್ಲ, ಅದರೊಳಗೆ ಬೆಳೆದವರು.

ನಾಯಕನ ಜೊತೆಗಾರನಾಗಿಯೇ ಉಳಿಯುವುದು ಹಾಸ್ಯನಟನ ಪಾಡು. ಸ್ವತಃ ನಿರ್ಮಿಸಿ, ಶೀರ್ಷಿಕೆಯ ಪಾತ್ರವನ್ನೂ ವಹಿಸಿದ ‘ಪ್ರೊಫೆಸರ್ ಹುಚ್ಚೂರಾಯ’ (1974) ಅವರು ಆ ಪಾಡನ್ನು ಮೀರಲು ಮಾಡಿದ ಯತ್ನವೆನ್ನಬಹುದು. ಆದರೂ ಜನರ ನೆನಪಿನಲ್ಲಿ ನಿಂತದ್ದು ನಕ್ಷತ್ರಿಕನೇ. ಕಪ್ಪು ಬಿಳುಪಿನ ‘ಸತ್ಯ ಹರಿಶ್ಚಂದ್ರ’ ವರ್ಣಲೇಪನಗೊಂಡು 2008ರ ಏಪ್ರಿಲ್‌ನಲ್ಲಿ ಮರುಬಿಡುಗಡೆಯಾಯಿತು. ನಟ ತೀರಿಕೊಂಡು ಸುಮಾರು 29 ವರ್ಷಗಳಾಗಿದ್ದವು. ನಕ್ಷತ್ರಿಕ ಮಾತ್ರ ಹೊಸ ಬಣ್ಣದಲ್ಲಿ ಹಳೆಯ ಸಾಲ ಕೇಳಲು ಮತ್ತೆ ಬಂದಿದ್ದ.