ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಶಾಲೆಯ ನೆರವಿಲ್ಲದೆ ವಿದ್ಯೆ ಸಿದ್ಧಿಸುವುದು ನಮ್ಮ ನಾಡಿಗೆ ಹೊಸತಲ್ಲ. ವಿರೂಪಾಕ್ಷಿಪುರ ಮೊದಲಾದ ಹಳ್ಳಿಗಳನ್ನು ಸುತ್ತ ಇಟ್ಟುಕೊಂಡಿರುವ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕುಶಲಿಯನ್ನು ನೋಡಿ. ತಿರುಗುವ ಆಲೆಮರದ ತುಂಡಿಗೆ ಉಳಿ ಎಷ್ಟು ತಾಗಬೇಕು, ಅರಗಿನ ಕಡ್ಡಿಯನ್ನು ಎಷ್ಟು ಒತ್ತಿದರೆ ಬಣ್ಣ ಕರಗಿ ಸಮನಾಗಿ ಹರಡೀತು ಎಂಬುದನ್ನು ಅವನು ಪುಸ್ತಕ ಓದಿ ತಿಳಿದವನಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ಪಡೆದವನು. ಮರವನ್ನು ಕಡೆಯುವ ಆ ಸಾಧನಕ್ಕೆ ಅಣ್ಣನೆನ್ನಬಹುದಾದ, ಕಬ್ಬಿಣವನ್ನು ಕಡೆಯುವ ಲೇತ್ ಯಂತ್ರಗಳು ೧೯೪೦ರ ದಶಕದಿಂದ ನಮ್ಮದೇ ಹರಿಹರದಲ್ಲಿ ತಯಾರಾದವು. ಅವು ಕಿರ್ಲೋಸ್ಕರ್ ಲೇತುಗಳೆಂದು ಹೆಸರಾದವು. ಆ ಹೆಸರಿನ ಮೂಲಪುರುಷರಾದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರಿಗೆ ಯಂತ್ರವಿದ್ಯೆ ಕುಲಕಸುಬಾಗಿರಲಿಲ್ಲ. ಅದನ್ನು ಕೈಹಿಡಿದು ಕಲಿಸುವ ಹಿರಿಯರೂ ಮನೆಯಲ್ಲಿರಲಿಲ್ಲ. ಅವರು ತಾವೇ ಕಲಿತರು. ಕಲಿತದ್ದನ್ನು ತಮ್ಮಂತೆಯೇ ಪದವಿಯಿಲ್ಲದ ಇತರರಿಗೆ ಹಂಚಿದರು. ಈ ಎರಡರಲ್ಲಿ ಎರಡನೆಯದೇ ಹಿರಿದೆಂದು ಅವರ ಬಾಳನ್ನು ಓದಿದವರಿಗೆ ತೋರದಿರದು.

ಲಕ್ಷ್ಮಣರಾಯರು ಹುಟ್ಟಿದ್ದು ೧೮೬೯ರ ಜೂನ್ ೨೦ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಹೀಗೆ ಗಡಿಸೀಮೆಯ ಒಂದೇ ಹಳ್ಳಿಯಿಂದ ಒಂದೇ ಮನೆತನದ ಹೆಸರು ಒಮ್ಮೆ ರಂಗಭೂಮಿಗೂ ಇನ್ನೊಮ್ಮೆ ಕಾರ್ಖಾನೆಗೂ ನಡೆದು ಹೋಯಿತು. ತಂದೆ ಕಾಶೀನಾಥಪಂತರು ವೇದಾಂತ ಪಂಡಿತರು. ಮಗನೂ ಅದೇ ದಾರಿ ಹಿಡಿಯಲೆಂಬುದು ಮನೆಯವರ ನಿರೀಕ್ಷೆ. ಮಗನ ಮನಸ್ಸಾದರೋ ಎರಡೇ ವಿಷಯಗಳಲ್ಲಿ: ಒಂದು ಚಿತ್ರ, ಇನ್ನೊಂದು ಯಂತ್ರ.

ಮೊದಲು ಗೆದ್ದದ್ದು ಚಿತ್ರ. ೧೮೮೫ರಲ್ಲಿ ಹುಡುಗ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಕಹಿ ಸತ್ಯ ಹೊರಬಿತ್ತು: ಆತನ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದು. ಚಿತ್ರಕಾರನಾಗಬೇಕೆಂದವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕೆ? ಆದರೆ ರೇಖೆಗೆ ಬಣ್ಣದ ಹಂಗಿಲ್ಲ. ಆತ ಬಣ್ಣವನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಹಿಡಿದ. ಅದರ ಬಲದಿಂದಲೇ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕನ ಕೆಲಸ ದೊರೆಯಿತು.

ಅಲ್ಲಿ ಅವರ ನಿಜವಾದ ಶಿಕ್ಷಣ ಆರಂಭವಾಯಿತು. ಅಧ್ಯಾಪಕರಾಗಿ ಹೋದವರು ವಿದ್ಯಾರ್ಥಿಯಾದರು. ಬಿಡುವಾದಾಗಲೆಲ್ಲ ಕಾರ್ಖಾನೆಗಳಿಗೆ ಹೋಗಿ ಕೈ ಮಸಿ ಮಾಡಿಕೊಂಡು ದುಡಿದರು. ಕಾಗದದ ಮೇಲೆ ಎಳೆದ ಗೆರೆ ಕಬ್ಬಿಣದಲ್ಲಿ ಹೇಗೆ ಮೈದಾಳುತ್ತದೆ, ಎಲ್ಲಿ ಸವೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಬೆರಳಿನಿಂದ ಮುಟ್ಟಿ ತಿಳಿದರು. ನಕ್ಷೆ ಬಲ್ಲವನಿಗೆ ಯಂತ್ರ ಬಾರದು, ಯಂತ್ರ ಬಲ್ಲವನಿಗೆ ನಕ್ಷೆ ಬಾರದು ಎಂಬ ಅಂದಿನ ಸ್ಥಿತಿಯಲ್ಲಿ ಎರಡನ್ನೂ ಒಂದೇ ತಲೆಯಲ್ಲಿ ಕೂಡಿಸಿಕೊಂಡದ್ದು ಅವರ ಬಂಡವಾಳವಾಯಿತು.

ಇದೇ ಕಾಲಕ್ಕೆ ಊರಿನ ಕಡೆಯ ನಂಟೂ ಬಲಿಯುತ್ತಿತ್ತು. ೧೮೮೮ರಲ್ಲಿ ಬೆಳಗಾವಿಯಲ್ಲಿ, ರಾಮುಅಣ್ಣನೆಂದು ಹೆಸರಾದ ಅವರ ಸೋದರನ ಜೊತೆಯಲ್ಲಿ, ಒಂದು ಸೈಕಲ್ ಅಂಗಡಿ ತೆರೆಯಿತು. ಅಂಗಡಿಗೆ ಇಟ್ಟ ಹೆಸರು ಕಿರ್ಲೋಸ್ಕರ್ ಬ್ರದರ್ಸ್. ಹೆಸರಿನಲ್ಲಿಯೇ ಮನೆತನವಿದೆ. ಒಬ್ಬ ಮುಂಬಯಿಯಲ್ಲಿ, ಇನ್ನೊಬ್ಬ ಬೆಳಗಾವಿಯಲ್ಲಿ. ನಡುವೆ ಇದ್ದದ್ದು ಅಣ್ಣತಮ್ಮಂದಿರ ನಂಬಿಕೆಯೊಂದೇ. ಆ ಅಂಗಡಿಯಿದ್ದ ಬೀದಿಯನ್ನು ಬೆಳಗಾವಿಯ ಜನ ಇಂದಿಗೂ ಕಿರ್ಲೋಸ್ಕರ್ ರಸ್ತೆಯೆಂದೇ ಕರೆಯುತ್ತಾರೆ.

ಮುಂಬಯಿಯ ನೌಕರಿಗೆ ಕೊನೆ ಬಂದ ಬಗೆ ಕೇಳುವಂತಿದೆ. ೧೮೯೦ರ ದಶಕದ ಕೊನೆಯ ಭಾಗದಲ್ಲಿ, ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಹೊರಟರು. ಅವರಿಗೆ ಕೆಲಸ ಗೊತ್ತಿತ್ತು. ಅದನ್ನು ಒಪ್ಪುವ ಮುದ್ರೆ ಮಾತ್ರ ಅವರ ಕೈಯಲ್ಲಿರಲಿಲ್ಲ, ಮೈಯ ಬಣ್ಣವೂ ನೆರವಿಗೆ ಬರಲಿಲ್ಲ. ಈ ಅನುಭವ ಅವರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಅವರು ಮುಂದೆ ಆಳುಗಳನ್ನು ಆರಿಸಿದ ರೀತಿಯೇ ಸಾಕ್ಷಿ.

ಬೆಳಗಾವಿಯ ಸುತ್ತಲೂ ಇರುವುದು ರೈತರ ನಾಡು. ಲಕ್ಷ್ಮಣರಾಯರ ಕಣ್ಣು ಅಲ್ಲಿಗೇ ಹೋಯಿತು. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಉದ್ದನೆಯ ಜೋಳದ ಕಣಿಕೆಯನ್ನು ಹಾಗೆಯೇ ಹಾಕಿದರೆ ದನ ಎಲೆಯನ್ನು ತಿಂದು ದಂಟನ್ನು ತುಳಿದು ಹಾಳುಮಾಡುತ್ತದೆ; ಸಣ್ಣಗೆ ಕತ್ತರಿಸಿ ಹಾಕಿದರೆ ಎಲ್ಲವೂ ಹೊಟ್ಟೆಗೆ ಸೇರುತ್ತದೆ. ಇದರ ಲಾಭ ಕಣ್ಣಿಗೆ ಕಾಣುವಂಥದು. ಆದರೆ ಎರಡನೆಯ ವಸ್ತುವಾದ ಕಬ್ಬಿಣದ ನೇಗಿಲಿನ ಕಥೆ ಇಷ್ಟು ಸುಲಭವಾಗಲಿಲ್ಲ.

ಮರದ ನೇಗಿಲು ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಗುಳದ ಹಿಂದೆ ಬಾಗಿದ ಒಂದು ಹಲಗೆಯಿರುತ್ತದೆ. ಸೀಳಿದ ಮಣ್ಣು ಅದರ ಮೇಲೇರಿ, ಮಗುಚಿ ಬೀಳುತ್ತದೆ. ಕಳೆ ಅಡಿಯಾಗುತ್ತದೆ, ಕೆಳಗಿನ ಮಣ್ಣು ಬಿಸಿಲು ಕಾಣುತ್ತದೆ. ಗಟ್ಟಿ ಎರೆನೆಲದಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕೆಯನ್ನು ಕೀಳಲು ಇದಕ್ಕಿಂತ ಒಳ್ಳೆಯ ಸಾಧನ ಅಂದಿನ ರೈತನಿಗಿರಲಿಲ್ಲ. ಆದರೆ ರೈತರಲ್ಲಿ ಒಂದು ನಂಬಿಕೆ ಬೇರೂರಿತ್ತು: ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷವೇರುತ್ತದೆ! ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ನೇಗಿಲು ಅಂಗಡಿಯಲ್ಲಿ, ರೈತ ಹೊಲದಲ್ಲಿ.

ಇಂದು ನಾವು ಆ ರೈತನನ್ನು ನೋಡಿ ನಗುವುದು ಸುಲಭ. ಆದರೆ ಅವನ ಅನುಮಾನ ಬರಿಯ ಮೂಢತನವಾಗಿರಲಿಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಗಿ ಒಂದು ಹೊತ್ತಿನಲ್ಲಿ ಸರಿಮಾಡಿಕೊಟ್ಟಾನು. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಕೊಟ್ಟರಾಯಿತು. ಎರಕದ ಗುಳ ಮುರಿದರೆ ಯಾರ ಬಳಿ ಹೋಗಬೇಕು? ಮಳೆ ಬಂದು ಹದವಾದ ಹೊತ್ತಿನಲ್ಲಿ ನೇಗಿಲು ನಿಂತರೆ ವರ್ಷದ ಅನ್ನವೇ ನಿಂತಂತೆ. ಎರಕದ ಕಬ್ಬಿಣದ ಗುಣವೂ ಹಾಗೆಯೇ: ಮೆದುವಾದರೆ ಬೇಗ ಸವೆಯುತ್ತದೆ, ಗಡುಸಾದರೆ ಕಲ್ಲಿಗೆ ತಾಗಿ ಸಿಡಿಯುತ್ತದೆ. ಈ ಎರಡರ ನಡುವಿನ ಹದವನ್ನು ಕಂಡುಹಿಡಿದು, ಸವೆದ ಭಾಗವನ್ನು ಮಾತ್ರ ಬಿಚ್ಚಿ ಹೊಸದನ್ನು ಜೋಡಿಸುವಂತೆ ಒದಗಿಸಿಕೊಟ್ಟಾಗಲೇ ನೇಗಿಲು ರೈತನ ಸ್ವತ್ತಾಗಬಲ್ಲುದು. ಹೊಲವೇ ಇಂಥ ಪಾಠ ಕಲಿಸುವ ಶಾಲೆ. ಬಳಸುವವನ ದೂರನ್ನು ಕಿವಿಗೊಟ್ಟು ಕೇಳುವವನೇ ಆ ಶಾಲೆಯಲ್ಲಿ ತೇರ್ಗಡೆಯಾಗುತ್ತಾನೆ.

ನೇಗಿಲು ಕಾಲೂರುತ್ತಿರುವಾಗಲೇ ಕಾರ್ಖಾನೆಯ ಕಾಲಿನಡಿಯ ನೆಲ ಜಾರಿತು. ಬೆಳಗಾವಿಯಲ್ಲಿ ಕಾರ್ಖಾನೆಯಿದ್ದ ಜಾಗ ಊರಿನ ವಿಸ್ತರಣೆಗೆ ಬೇಕಾಯಿತು. ಜಾಗ ಬಿಡಬೇಕಾಗಿ ಬಂತು. ಆಗ ಕೈಹಿಡಿದವರು ಔಂಧ್ ಎಂಬ ಚಿಕ್ಕ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಸ್ವತಃ ಚಿತ್ರಕಾರರು. ಚಿತ್ರವನ್ನು ಬಿಟ್ಟು ಯಂತ್ರವನ್ನು ಹಿಡಿದವನ ಬೆಲೆ ಚಿತ್ರಕಾರನೊಬ್ಬನಿಗೆ ತಿಳಿದದ್ದು ಯೋಗಾಯೋಗವೇ ಸರಿ. ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ ೩೨ ಎಕರೆ ನೆಲವನ್ನೂ ಅವರು ಕೊಟ್ಟರು. ಇಂದಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಆ ಜಾಗದಲ್ಲಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ತಲೆಯೆತ್ತಿತು ಎಂದು ಬರೆಯುವುದಕ್ಕೆ ಒಂದು ಕ್ಷಣ ಸಾಕು. ಅಲ್ಲಿದ್ದದ್ದು ಪಾಪಾಸುಕಳ್ಳಿಯ ಬೀಡು; ನಾಗರಹಾವುಗಳ ನೆಲೆ. ಅಲ್ಲಿಗೆ ಸುಮಾರು ಇಪ್ಪತ್ತೈದು ಮಂದಿ ಕೆಲಸಗಾರರು ಹೆಂಡತಿ ಮಕ್ಕಳೊಡನೆ ಹೋದರು. ಗಂಡಸರು ಕಳ್ಳಿ ಕಡಿದು ಕುಲುಮೆ ಹೂಡಿದರೆ, ಆ ಬಯಲಿನಲ್ಲಿ ಒಲೆ ಹೂಡಿದವರು ಹೆಂಗಸರು. ಲಕ್ಷ್ಮಣರಾಯರ ಪತ್ನಿ ರಾಧಾಬಾಯಿಯವರ ಸಂಸಾರವೂ ಅವುಗಳಲ್ಲೊಂದು. ಪೇಟೆಯ ಮನೆಯನ್ನು ಬಿಟ್ಟು ಕಾಡುಬಯಲಿಗೆ ಬಂದ ಆ ಹೆಂಗಸರು ಒಪ್ಪದೆ ಹಿಂದಿರುಗಿದ್ದರೆ ಕಾರ್ಖಾನೆಯ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತು. ಕಾರ್ಖಾನೆಗಳ ಇತಿಹಾಸಗಳಲ್ಲಿ ಈ ಮಾತಿಗೆ ಒಂದು ಸಾಲಾದರೂ ಮೀಸಲಾಗಬೇಕು.

ಲಕ್ಷ್ಮಣರಾಯರು ಸುತ್ತ ಕೂಡಿಸಿಕೊಂಡ ಜನರಾದರೂ ಎಂಥವರು! ಅನಂತರಾವ್ ಫಳಣೀಕರ್ ಶಾಲೆಯನ್ನು ನಡುವೆಯೇ ಬಿಟ್ಟವರು. ಕಲ್ಪನಾಶಕ್ತಿಯುಳ್ಳ ಎಂಜಿನಿಯರ್ ಎನಿಸಿಕೊಂಡರು. ಶಂಭುರಾವ್ ಜಾಂಭೇಕರ್ ಯಂತ್ರಗಳನ್ನು ನೋಡಿಕೊಂಡರು. ಮಂಗೇಶರಾವ್ ರೇಗೆ ಲೆಕ್ಕಪತ್ರಗಳನ್ನು ಬರೆದರು. ರಾತ್ರಿಯ ಕಾವಲಿಗೆ ನಿಂತವರಲ್ಲಿ ಹಿಂದೆ ಅಪರಾಧ ಮಾಡಿ ಶಿಕ್ಷೆ ಅನುಭವಿಸಿದವರಿದ್ದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತೆಂದು ಜನ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಕಾವಲುಗಾರರು ವಾಡಿಯ ನಂಬಿಕೆಯ ಬಂಟರಾದರು. ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಲಕ್ಷ್ಮಣರಾಯರು ಎಡೆಗೊಡಲಿಲ್ಲ. ತಮ್ಮನ್ನು ಯಾವ ಮುದ್ರೆಯಿಲ್ಲವೆಂದು ಮುಂಬಯಿ ಹಿಂದೆ ಸರಿಸಿತ್ತೋ, ಆ ಮುದ್ರೆಯನ್ನು ಅವರು ತಮ್ಮ ಬಾಗಿಲಿಗೆ ಬಂದವರಿಂದ ಕೇಳಲಿಲ್ಲ. ಆತ್ಮಗೌರವಕ್ಕೆ ಬಿದ್ದ ಪೆಟ್ಟು ಕೆಲವರಲ್ಲಿ ಹಗೆಯಾಗಿ ಹೆಪ್ಪುಗಟ್ಟುತ್ತದೆ; ಇವರಲ್ಲಿ ಅದು ಔದಾರ್ಯವಾಯಿತು.

ಹಾಗೆಂದು ಎಲ್ಲವನ್ನೂ ಒಬ್ಬನ ಪೌರುಷಕ್ಕೆ ಕಟ್ಟಬೇಕಾಗಿಲ್ಲ. ಲಕ್ಷ್ಮಣರಾಯರಿಗೆ ಓದುಬರಹ ಬಲ್ಲ ಮನೆತನವಿತ್ತು, ಆಸರೆಯಾಗುವ ಅಣ್ಣಂದಿರಿದ್ದರು, ಕಷ್ಟಕಾಲದಲ್ಲಿ ಅರಸನ ಬಾಗಿಲು ತೆರೆಯಿತು. ಅಷ್ಟೇ ಚುರುಕಿನ ಹಳ್ಳಿಯ ಕಮ್ಮಾರನಿಗೆ ಇವು ಯಾವುವೂ ಇರಲಿಲ್ಲ. ಈ ಅಂತರವನ್ನು ಅವರು ಅಳಿಸಿದರೆನ್ನುವುದು ಅತಿಶಯೋಕ್ತಿಯಾದೀತು. ತಮ್ಮ ವಾಡಿಯ ಎಲ್ಲೆಯೊಳಗೆ ಅದನ್ನು ತಕ್ಕಮಟ್ಟಿಗೆ ಕಿರಿದಾಗಿಸಿದರು.

ಮೊದಲನೆಯ ಮಹಾಯುದ್ಧ ಬಂತು. ಕಬ್ಬಿಣ, ಕಲ್ಲಿದ್ದಲು ಎರಡೂ ದುರ್ಲಭವಾದವು. ಕೊಲ್ಲಾಪುರ ಸಂಸ್ಥಾನದ ಹಳೆಯ ಫಿರಂಗಿಗಳು ಆ ದಿನಗಳಲ್ಲಿ ವಾಡಿಯ ಕುಲುಮೆಗೆ ಬಂದು ನೇಗಿಲಾದವೆಂಬ ಮಾತು ಉಳಿದುಬಂದಿದೆ. ೧೯೨೦ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಒಂದೊಂದಾಗಿ ಹೊರಬಂದವು. ಅದೇ ವರ್ಷ ಅಣ್ಣ ವಾಸುದೇವರಾಯರ ಮಗ ಶಂಕರರಾಯರು ವಾಡಿಯಿಂದಲೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಅದು ಮುಂದೆ ‘ಕಿರ್ಲೋಸ್ಕರ್’ ಎಂಬ ಹೆಸರಿನಿಂದ ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು. ೧೯೩೦ರಲ್ಲಿ ‘ಸ್ತ್ರೀ’ ಪತ್ರಿಕೆಯೂ ಬಂತು. ನೇಗಿಲು ಮಾಡುವ ಊರಿನಲ್ಲಿಯೇ ಸಾಹಿತ್ಯವೂ ಅಚ್ಚಾದದ್ದು ಅಪರೂಪದ ಸಂಗತಿ.

ತಾವು ಪದವಿಯಿಲ್ಲದೆ ಬಾಳಿದ ಲಕ್ಷ್ಮಣರಾಯರು ಮಗನಿಗೆ ಅದೇ ದಾರಿಯನ್ನು ವಿಧಿಸಲಿಲ್ಲ. ೧೯೦೩ರಲ್ಲಿ ಹುಟ್ಟಿದ ಶಂತನುರಾಯರನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಗೆ ಕಳುಹಿಸಿದರು. ಅವರು ೧೯೨೬ರಲ್ಲಿ ಎಂಜಿನಿಯರ್ ಆಗಿ ಮರಳಿದರು. ಇದರಲ್ಲಿ ವಿರೋಧವೇನೂ ಇಲ್ಲ. ತಾನೇ ಕಲಿತವನಿಗೆ ಆ ದಾರಿಯ ಮುಳ್ಳುಗಳೂ ಗೊತ್ತು. ಒಂದು ಲೆಕ್ಕದಿಂದ ತಿಳಿಯಬಹುದಾದದ್ದನ್ನು ಹತ್ತು ಎರಕ ಕೆಡಿಸಿ ತಿಳಿದ ಸಂಕಟವೂ ಗೊತ್ತು. ಪದವಿಯನ್ನು ಅವರು ತಿರಸ್ಕರಿಸಲಿಲ್ಲ. ಪದವಿಯಿಲ್ಲವೆಂದು ಮನುಷ್ಯನನ್ನು ತಿರಸ್ಕರಿಸಲಿಲ್ಲ, ಅಷ್ಟೆ.

ಕನ್ನಡ ನಾಡಿಗೆ ಈ ಮನೆತನದ ಋಣ ಮಕ್ಕಳ ಕಾಲದಲ್ಲಿ ಸಂದಿತು. ೧೯೪೧ರಲ್ಲಿ, ಅಂದಿನ ಮೈಸೂರು ಸಂಸ್ಥಾನದ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿತು; ಇನ್ನೊಬ್ಬ ಮಗ ರಾಜಾರಾಮರಾಯರು ಅದನ್ನು ನಡೆಸಿದರು. ೧೯೪೬ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು. ಅದರ ಹೊಣೆ ಹೊತ್ತವರು ಮತ್ತೊಬ್ಬ ಮಗ ರವೀಂದ್ರರಾಯರು. ಯಂತ್ರಗಳನ್ನು ಹೆರುವ ಯಂತ್ರವೇ ಲೇತ್. ಅದನ್ನು ಮಾಡಬಲ್ಲ ನಾಡು ಉಳಿದ ಯಂತ್ರಗಳಿಗಾಗಿ ಪರರ ಮುಖ ನೋಡಬೇಕಾಗಿಲ್ಲ.

ಆದರೆ ಮುಪ್ಪಿನಲ್ಲಿ ಒಂದು ದೊಡ್ಡ ಪೆಟ್ಟು ಕಾದಿತ್ತು. ೧೯೪೮ರ ಜನವರಿ ೩೦ರಂದು ಗಾಂಧೀಜಿಯವರ ಹತ್ಯೆಯಾಯಿತು. ಹಂತಕ ಮಹಾರಾಷ್ಟ್ರದ ಬ್ರಾಹ್ಮಣನೆಂಬ ಕಾರಣದಿಂದ ಆ ಪ್ರಾಂತದಲ್ಲಿ ಬ್ರಾಹ್ಮಣರ ಮನೆ ಅಂಗಡಿಗಳ ಮೇಲೆ ದಾಳಿಗಳು ನಡೆದವು. ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಜಾತಿಯ ಎಣಿಕೆಯಿಲ್ಲದೆ ಕೆಲಸ ಕೊಟ್ಟ ಊರು ಜಾತಿಯ ಹೆಸರಿನಲ್ಲಿ ಸುಟ್ಟಿತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ವರ್ಷ. ಕಳ್ಳಿಯ ಬಯಲಿನಿಂದ ಒಮ್ಮೆ ಎಬ್ಬಿಸಿದ ಊರನ್ನು ಬೂದಿಯಿಂದ ಮತ್ತೊಮ್ಮೆ ಎಬ್ಬಿಸಬೇಕಾಯಿತು. ಎಬ್ಬಿಸಿದರು, ಕಾರ್ಖಾನೆ ಮತ್ತೆ ನಡೆಯಿತು.

೧೯೫೬ರ ಸೆಪ್ಟೆಂಬರ್ ೨೬ರಂದು ಲಕ್ಷ್ಮಣರಾಯರು ತೀರಿಕೊಂಡರು. ಅದಾಗಿ ಐದು ವಾರಕ್ಕೆ, ನವೆಂಬರ್ ೧ರಂದು, ಅವರು ಹುಟ್ಟಿದ ಗುರ್ಲಹೊಸೂರು ಬೆಳಗಾವಿ ಜಿಲ್ಲೆಯೊಡನೆ ಕನ್ನಡ ರಾಜ್ಯವನ್ನು ಸೇರಿತು. ೧೯೮೯ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿಯೊಂದನ್ನು ಹೊರತಂದಿತು. ಹರಿಹರದ ಕಾರ್ಖಾನೆಯಾದರೋ ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ತಲೆಮಾರುಗಳಿಂದ ಆ ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರಿಗೆ ಅದು ಸಣ್ಣ ನಷ್ಟವಲ್ಲ. ಕಟ್ಟಡವೂ ಯಂತ್ರವೂ ಹರಾಜಿಗೆ ಬರಬಲ್ಲ ವಸ್ತುಗಳು. ಕೆಲಸಗಾರನ ಬೆರಳಿನಲ್ಲಿರುವ ಹದ ಹರಾಜಾಗುವಂಥದಲ್ಲ. ಅದನ್ನು ಇನ್ನೊಬ್ಬನಿಗೆ ದಾಟಿಸದಿದ್ದರೆ ಅವನೊಡನೆಯೇ ಮಣ್ಣಾಗುತ್ತದೆ.

ಲಕ್ಷ್ಮಣರಾಯರಿಂದ ಕಲಿಯಬೇಕಾದ ಪಾಠ ಇದೇ. ತಾನೇ ಕಲಿತವರು ನಮ್ಮಲ್ಲಿ ಎಂದೂ ಕಡಿಮೆಯಾಗಿರಲಿಲ್ಲ. ಇಂದೂ ಮೋಟರು ಸುತ್ತುವ ಅಂಗಡಿಗಳಲ್ಲಿ, ಪಂಪು ರಿಪೇರಿಯ ಗೂಡುಗಳಲ್ಲಿ ಅಂಥವರು ಹೇರಳವಾಗಿದ್ದಾರೆ. ಅವರ ಕೈಯ ವಿದ್ಯೆಯನ್ನು ಗುರುತಿಸಿ, ನಕ್ಷೆಯನ್ನೂ ಲೆಕ್ಕವನ್ನೂ ಅದರೊಡನೆ ಕೂಡಿಸಿ, ಕುಳಿತು ದುಡಿಯಲು ಒಂದು ನೆರಳನ್ನು ಒದಗಿಸುವವರು ಮಾತ್ರ ವಿರಳ. ಹಾಗೆ ಒದಗಿಸಿದ್ದರಿಂದಲೇ ಒಂದು ಸೈಕಲ್ ಅಂಗಡಿ ಊರಾಗಿ ಬೆಳೆಯಿತು.