ಬೆಳಂಬಾರದಲ್ಲಿ ಊರು ಕೂಡುವ ತಾಣ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬೆಳಂಬಾರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಜನ ಒಂದೆಡೆ ಕೂಡಿ ತೀರ್ಮಾನಕ್ಕೆ ಬರುವ ಪದ್ಧತಿಯು ಕಾಂಕ್ರೀಟ್ ಕಟ್ಟಡಗಳಿಗಿಂತ ಬಹಳ ಹಳೆಯದಾದುದರಿಂದ, ಸಮುದಾಯ ಭವನದ ಇತಿಹಾಸವನ್ನು ಶಂಕುಸ್ಥಾಪನೆಯ ಕಲ್ಲಿನಿಂದಲ್ಲ, ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ಗೌಡನ ಮನೆಯಂಗಳದಿಂದ ಆರಂಭಿಸಬೇಕಾಗುತ್ತದೆ.

ಹಾಲಕ್ಕಿಗಳ ಮನೆಗಳು ಗುಂಪಾಗಿರುವ ಕೇರಿಗೆ ಕೊಪ್ಪವೆಂದು ಹೆಸರು. ಕೊಪ್ಪಕ್ಕೆ ಮುಖ್ಯಸ್ಥನಾಗಿ ಗೌಡ, ಅವನಿಗೆ ಸಲಹೆ ನೀಡುವ ಬುಧವಂತ, ಮನೆಮನೆಗೆ ಕರೆ ಮುಟ್ಟಿಸುವ ಕೋಲಕಾರ ಎಂಬ ವಂಶಪಾರಂಪರ್ಯ ಹುದ್ದೆಗಳಿದ್ದು, ಹಲವು ಊರುಗಳು ಸೇರಿ ಸೀಮೆ ಎಂಬ ದೊಡ್ಡ ಘಟಕವಾಗುತ್ತಿದ್ದವು. ಸೆಗಣಿ ಸಾರಿಸಿದ ಅಂಗಳದಲ್ಲಿ, ತುಳಸಿಕಟ್ಟೆಯ ಎದುರು, ಮದುವೆಯ ಮಾತುಕತೆಯಿಂದ ಹಿಡಿದು ಜಗಳದ ಪಂಚಾಯಿತಿಯವರೆಗೆ ಎಲ್ಲವೂ ನಡೆಯುತ್ತಿತ್ತು; ತಪ್ಪಿಗೆ ದಂಡ, ದೊಡ್ಡ ತಪ್ಪಿಗೆ ಬಹಿಷ್ಕಾರ. ಈ ವ್ಯವಸ್ಥೆಯ ಒಗ್ಗಟ್ಟನ್ನು ಮೆಚ್ಚುವಾಗ ಅದರ ಕೊರತೆಯನ್ನೂ ಹೇಳಬೇಕು: ಹುದ್ದೆಗಳೆಲ್ಲ ಗಂಡಸರ ಕೈಯಲ್ಲಿದ್ದುದರಿಂದ, ಹಾಡಿನ ಭಂಡಾರವನ್ನೇ ಕಾಪಾಡಿದ ಹೆಂಗಸರಿಗೆ ಅಲ್ಲಿ ಅಧಿಕಾರದ ಸ್ಥಾನವಿರಲಿಲ್ಲ. ಇದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದ ಜಾನಪದ ಗಾಯಕಿ, ಸಾರಾಯಿಯ ವಿರುದ್ಧ ಬಹಿರಂಗವಾಗಿ ದನಿಯೆತ್ತಿದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ.

ಅಂಗಳವು ತನ್ನ ಪೂರ್ಣ ವೈಭವವನ್ನು ಕಾಣುತ್ತಿದ್ದುದು, ಇಂದಿಗೂ ಕಾಣುವುದು, ಸುಗ್ಗಿಯಲ್ಲಿ. ಕೊಯ್ಲು ಮುಗಿದ ಮೇಲೆ, ಹೋಳಿ ಹುಣ್ಣಿಮೆಗೆ ಮುನ್ನ, ಬಣ್ಣದ ಹೂಗಳನ್ನು ಒತ್ತೊತ್ತಾಗಿ ಸಿಕ್ಕಿಸಿದ ಎತ್ತರದ ತುರಾಯಿಯನ್ನು ತಲೆಗೇರಿಸಿಕೊಂಡ ಕುಣಿತಗಾರರು, ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಗುಮಟೆಯೆಂಬ ವಾದ್ಯದ ಪೆಟ್ಟಿಗೆ ಹೆಜ್ಜೆ ಹಾಕುತ್ತ ಮನೆಯಿಂದ ಮನೆಗೆ ಸಾಗುತ್ತಾರೆ. ಬೆಳಂಬಾರದ ಸುಗ್ಗಿ ತಂಡವು ಅಂಕೋಲೆಯ ತಹಶೀಲ್ದಾರ ಕಚೇರಿಯ ಎದುರೂ ಕುಣಿಯುವ ರೂಢಿಯಿದ್ದು, ಕೊಪ್ಪದ ಆಚರಣೆಯೊಂದು ಸರ್ಕಾರದ ಅಂಗಳವನ್ನೂ ತನ್ನದಾಗಿಸಿಕೊಂಡ ಬಗೆ ಇದು.

ಅಂಗಳದ ಜೊತೆಗೆ ಭವನವೂ ಬಂದದ್ದು ಆಡಳಿತದ ಬದಲಾವಣೆಗಳಿಂದ. 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆ 1956ರಲ್ಲಿ, ಮುಂದೆ ಕರ್ನಾಟಕವಾದ ಮೈಸೂರು ರಾಜ್ಯಕ್ಕೆ ಬಂತು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ, ಎಂದರೆ ಮತದಾರರೆಲ್ಲರ ಸಭೆಗೆ, ಕಾನೂನಿನ ಬಲ ನೀಡಿ ಮಹಿಳೆಯರಿಗೆ ಸ್ಥಾನಗಳನ್ನು ಮೀಸಲಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸದರ ಪ್ರದೇಶಾಭಿವೃದ್ಧಿ ನಿಧಿಯೂ ಆರಂಭವಾಗಿ, ಇಂಥ ಅನುದಾನಗಳಿಂದ ಹಳ್ಳಿಹಳ್ಳಿಗಳಲ್ಲಿ ಸಮುದಾಯ ಭವನಗಳು ಎದ್ದವು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಕೆಸರಾಗಿ ಸಭೆಗೆ ಒದಗದ ಕಾರಣ, ಭವನದ ಮಾಡು ಊರು ಕೂಡುವ ಕಾಲವನ್ನೇ ಹಿಗ್ಗಿಸಿತು. ಅದಕ್ಕಿಂತ ಮುಖ್ಯವಾಗಿ, ಗೌಡನ ಅಂಗಳಕ್ಕೆ ಬರಲು ಕೋಲಕಾರನ ಕರೆ ಬೇಕಿದ್ದರೆ, ಸಾರ್ವಜನಿಕ ಹಣದಿಂದ ಕಟ್ಟಿದ ಭವನಕ್ಕೆ ಕರೆಯಿಲ್ಲದೆಯೂ ಬರುವ ಹಕ್ಕು ಜಾತಿ, ಲಿಂಗಗಳ ಭೇದವಿಲ್ಲದೆ ಎಲ್ಲರದಾಯಿತು.

ಆದರೂ ಸುಗ್ಗಿಯನ್ನು ಭವನದೊಳಕ್ಕೆ ತರಲಾಗದು. ಪ್ರತಿ ಮನೆಯ ನೆಲವನ್ನು ಮೆಟ್ಟಿ ಆ ಮನೆಯವರನ್ನು ಹರಸುವುದೇ ಆ ಕುಣಿತದ ಉದ್ದೇಶವಾದ್ದರಿಂದ ಅದಕ್ಕೆ ಅಂಗಳವೇ ಬೇಕು.