ಸುಟ್ಟ ಕೋಳಿ, ಕೊಂಡ ಕೋಳಿ

ಸಂಜೆ ಹೊತ್ತು ಕಡೂರಿನಿಂದ ಬೀರೂರು ದಾಟಿ ತರೀಕೆರೆ ಕಡೆ ಹೆದ್ದಾರೀಲಿ ಹೋಗಿ ನೋಡಿ. ಗಾಜಿನ ಪೆಟ್ಟಿಗೆಯೊಳಗೆ ಕಂಬಿಗೆ ಚುಚ್ಚಿದ ಇಡೀ ಕೋಳಿ ತಿರುಗ್ತಾ ಇರ್ತವೆ. ಮನೇಲಿ ಮಾಡೋದೇ ಚೆಂದ ಅಂತ ಒಬ್ಬರು, ಯಾರಿಗಪ್ಪಾ ಪುರುಸೊತ್ತು ಅಂತ ಇನ್ನೊಬ್ಬರು. ರುಚಿ ಜಗಳ ಯಾವತ್ತೂ ಮುಗಿಯಲ್ಲ, ಅದನ್ನ ಬಿಡೋಣ. ಈ ಜಗಳದ ಹಿಂದೆ ಒಂದು ಇತಿಹಾಸ ಇದೆ. ಅದು ರೈತರ ಮನೆ ಲೆಕ್ಕಕ್ಕೆ ಸೇರಿದ್ದು, ಅದರಲ್ಲೂ ಹೆಣ್ಣುಮಕ್ಕಳ ಲೆಕ್ಕಕ್ಕೆ. ಅದಕ್ಕೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ನಿಧಾನವಾಗಿ ಓದಿ.

ನಮ್ಮ ಸೀಮೇಲಿ ಮಾಂಸ ತಿನ್ನೋ ಮನೆಗಳಲ್ಲಿ ಇಡೀ ಕೋಳೀನ ಸುಡ್ತಿದ್ದರು, ಆದರೆ ಇಡಿಯಾಗಿ ಬೇಯಿಸ್ತಿರಲಿಲ್ಲ. ಪುಕ್ಕ ತರಿದು, ಒಣಗಿದ ತೆಂಗಿನ ಗರೀನೋ ಹುಲ್ಲನ್ನೋ ಹೊತ್ತಿಸಿ, ಆ ಉರಿ ಮೇಲೆ ಕೋಳೀನ ತಿರುಗಿಸಿ ಉಳಿದ ಸಣ್ಣ ಕೂದಲು ಸೀಯಿಸೋದು. ಆಮೇಲೆ ಅರಿಶಿನ ಬಳಿದು ತೊಳೆದು, ಚರ್ಮದ ಸಮೇತ ತುಂಡು ಮಾಡಿ ಸಾರಿಗೆ ಹಾಕೋದು. ಮುದ್ದೆ ಜೊತೆ ಉಣ್ಣುವಾಗ ಆ ಸಾರಲ್ಲಿ ಬರೋ ಹೊಗೆ ವಾಸನೆ ಇದೆಯಲ್ಲ, ಅದು ಆ ಗರಿ ಬೆಂಕೀದು.

ಇಡೀ ಕೋಳಿ ಯಾಕೆ ಸುಟ್ಟು ತಿನ್ನಲಿಲ್ಲ? ಕಾರಣ ಕೋಳಿ ವಯಸ್ಸು. ನಾಟಿ ಹುಂಜ ಒಂದೂಕಾಲು, ಒಂದೂವರೆ ಕೆಜಿ ತೂಗಬೇಕಾದರೆ ಐದಾರು ತಿಂಗಳು ಬೇಕು. ಅಷ್ಟು ದಿನ ತಿಪ್ಪೆ ಕೆದರಿ, ಬೇಲಿ ಹಾರಿ, ಹದ್ದು ಮುಂಗುಸಿಗೆ ಹೆದರಿ ಓಡಿದ ಕಾಲು ಅದು. ಮಾಂಸದ ನಾರು ಗಟ್ಟಿಯಾಗಿರುತ್ತೆ. ಒಣ ಬೆಂಕೀಲಿ ಸುಟ್ಟರೆ ಚಪ್ಪಲಿ ಅಗಿದ ಹಾಗೆ. ನೀರಲ್ಲಿ ನಿಧಾನಕ್ಕೆ ಕುದ್ದರೆ ಆ ನಾರೇ ಕರಗಿ ಸಾರಿಗೆ ಅಂಟು, ರುಚಿ ಎರಡೂ ಕೊಡುತ್ತೆ. ಜೊತೆಗೆ ಒಂದು ಕೋಳಿ, ಹತ್ತು ಜನ. ಸುಟ್ಟರೆ ಮೂರು ಜನಕ್ಕೆ ಸಾಲಲ್ಲ, ಸಾರು ಮಾಡಿದರೆ ವರ್ಷತೊಡಕಿನ ದಿನ ಬಂದ ನೆಂಟರಿಗೂ ಆಗುತ್ತೆ.

ಹಾಗಾದರೆ ಇಡೀ ಕೋಳಿ ಸುಡಿಸಿಕೊಂಡು ತಿಂದವರು ಯಾರು? ದಾರಿಹೋಕರು. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅಂತಲೇ ಹೆಸರಿತ್ತು. ಆ ಬ್ರಿಟಿಷರ ಕಾಲದಲ್ಲಿ ದೇಶದ ದೊಡ್ಡ ರಸ್ತೆಗಳ ಉದ್ದಕ್ಕೂ ಡಾಕ್ ಬಂಗಲೆಗಳಿದ್ದವು. ದೊರೆ ಬಂಗಲೆ ಒಳಗೆ ಕಾಲಿಡುವಾಗ ಹಿತ್ತಲಲ್ಲಿ ಬಟ್ಲರ್ ಕೋಳಿ ಅಟ್ಟಿಸಿಕೊಂಡು ಓಡ್ತಿದ್ದ. ದೊರೆ ಸ್ನಾನ ಮುಗಿಸಿ ಬಟ್ಟೆ ಹಾಕೋದರೊಳಗೆ ಅದು ಬೆನ್ನು ಸೀಳಿ, ಅಗಲ ಮಾಡಿ, ಕೆಂಡದ ಮೇಲೆ ಸುಟ್ಟು ಮೇಜಿಗೆ ಬರ್ತಿತ್ತು. ಇಂಗ್ಲಿಷರು ಇದಕ್ಕೆ ತಮಾಷೆಗೆ ‘ಸಡನ್ ಡೆತ್’ ಅಂತ ಹೆಸರಿಟ್ಟಿದ್ದರು. 1886ರ ‘ಹಾಬ್ಸನ್ ಜಾಬ್ಸನ್’ ನಿಘಂಟಲ್ಲೂ ಆ ಪದ ಇದೆ. ನನ್ನ ಪ್ರಕಾರ ಇವತ್ತಿನ ಹೆದ್ದಾರಿ ಗ್ರಿಲ್ ಕೋಳಿಗೆ ಅಜ್ಜ ಇದೇ.

ಹೊರದೇಶದಲ್ಲೂ ಕಥೆ ಇಂಥದ್ದೇ. ಪ್ಯಾರಿಸ್‌ನಲ್ಲಿ 13ನೇ ಶತಮಾನದಲ್ಲೇ ಹೆಬ್ಬಾತು ಸುಟ್ಟು ಮಾರೋರ ಸಂಘ ಇತ್ತು. ಪೇಟೆಯ ಬಾಡಿಗೆ ಕೋಣೇಲಿದ್ದ ಬಡವನಿಗೆ ಒಲೆ ಇಲ್ಲ, ಸೌದೆ ಇಲ್ಲ, ಹಾಗಾಗಿ ಬೆಂದದ್ದನ್ನೇ ಕೊಳ್ಳಬೇಕು. ಅಂದರೆ ಬೆಂಕಿ ಇಲ್ಲದವನು ಕೊಂಡು ತಿಂದ. ಹಳ್ಳೀಲಿ ನಮಗೆ ಬೆಂಕೀನೂ ಇತ್ತು, ಕೋಳೀನೂ ಇತ್ತು.

ಈ ಲೆಕ್ಕ ತಲೆಕೆಳಗಾಗಿದ್ದು ಬ್ರಾಯ್ಲರ್ ಬಂದ ಮೇಲೆ. ಅಮೆರಿಕದಲ್ಲಿ ‘ನಾಳಿನ ಕೋಳಿ’ ಅಂತ ಒಂದು ಸ್ಪರ್ಧೆ ಮಾಡಿ, 1948ರಲ್ಲಿ ಅದರ ರಾಷ್ಟ್ರಮಟ್ಟದ ಸುತ್ತು ನಡೆಸಿದರು. ಬೇಗ ಬೆಳೆಯೋ, ಎದೆ ತುಂಬಿದ ಕೋಳಿ ಬೇಕಿತ್ತು ಅವರಿಗೆ. ನಮ್ಮ ದೇಶದಲ್ಲಿ 1971ರಲ್ಲಿ ಡಾ. ಬಿ.ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದರು. ಆಮೇಲೆ ತಮಿಳುನಾಡಿನ ಕೊಯಮತ್ತೂರು ಕಡೆಯಿಂದ ಒಪ್ಪಂದದ ಸಾಕಾಣಿಕೆ ಹಬ್ಬಿತು. ಆರು ವಾರದೊಳಗೆ ಎರಡು ಕೆಜಿ, ಮೂರೂವರೆ ಕೆಜಿ ಆಸುಪಾಸು ಆಹಾರ ತಿಂದು! ಈ ಕೋಳಿ ಓಡಿಲ್ಲ, ಹಾರಿಲ್ಲ, ಮಾಂಸ ಮೆತ್ತಗೆ. ಸಾರಿಗೆ ಹಾಕಿದರೆ ಸಪ್ಪೆ, ಸುಟ್ಟರೆ ಸೊಗಸು. ದೇಶ ಭಾಗವಾದಾಗ ಪೇಶಾವರದಿಂದ ಬಂದವರು ದೆಹಲಿಯ ಮೋತಿ ಮಹಲ್‌ನಲ್ಲಿ ಹೆಸರುವಾಸಿ ಮಾಡಿದ ತಂದೂರಿಗೆ ಹೇಳಿ ಮಾಡಿಸಿದ ಕೋಳಿ. ಹೀಗೆ ಇಡೀ ಕೋಳಿ ಸುಡೋ ಪದ್ಧತಿ ನಮ್ಮೂರಿಗೆ ಅಂಗಡಿ ಮೂಲಕವೇ ಬಂತು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಈ ನಡುವೆ ಹಿತ್ತಲ ಕೋಳಿ ಎಲ್ಲಿಗೆ ಹೋಯ್ತು?

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ, ಕಾವಲು ಇದೆ. ಆ ರಾಸುಗಳ ಕಥೆ ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಶುರುವಾಗಿ, ಹೈದರ್, ಟಿಪ್ಪು ಕಾಲ ದಾಟಿ, ಇವತ್ತಿನವರೆಗೂ ಕಾಗದದಲ್ಲಿ ಸಿಗುತ್ತೆ. ಫಿರಂಗಿ ಎಳೆದ ಎತ್ತು ನೋಡಿ, ಇತಿಹಾಸ ಅದನ್ನ ಮರೆಯಲಿಲ್ಲ. ಹಿತ್ತಲ ಹೇಂಟೆಗೆ ಹುಕುಂನಾಮೆ ಬರೆದವರಿಲ್ಲ. ಅದು ಹೆಂಗಸರ ಆಸ್ತಿ. ಒಂದು ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುತ್ತೆ. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತರೆ 21 ದಿನಕ್ಕೆ ಮರಿ. ಮೇವಿನ ಖರ್ಚಿಲ್ಲ, ಕಾಳು ಕೇರಿದ ನುಚ್ಚು, ಹುಳು ಹುಪ್ಪಟೆ ತಿಂದು ಬೆಳೀತಿತ್ತು. ಅಡಿಕೆ, ಕೊಬ್ಬರಿ ದುಡ್ಡು ಗಂಡಸರ ಜೇಬಿಗೆ. ಕೋಳಿ ಮೊಟ್ಟೆ ದುಡ್ಡು ಅವ್ವನ ಸೆರಗಿನ ಗಂಟಿಗೆ. ಮಗುವಿನ ಪುಸ್ತಕ, ತವರಿಗೆ ಹೋಗೋ ಬಸ್ ಚಾರ್ಜು, ಯಾರನ್ನೂ ಕೇಳದೆ ಅದರಿಂದಲೇ ಆಗ್ತಿತ್ತು. ನಮ್ಮ ಮನೇಲೂ ಹಾಗೇ ಇತ್ತು, ನಾನು ಕಣ್ಣಾರೆ ಕಂಡದ್ದು.

ಒಪ್ಪಂದದ ಶೆಡ್ಡಲ್ಲಿ ಮರಿ, ಆಹಾರ, ಔಷಧಿ ಎಲ್ಲಾ ಕಂಪನೀದು. ಶೆಡ್ಡು, ನೀರು, ಕರೆಂಟು, ಮೈಮುರಿತ ನಮ್ಮದು. ಕೆಜಿಗಿಷ್ಟು ಅಂತ ಸಾಕಣೆ ಕೂಲಿ. ತಪ್ಪು ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಂಸಾರ ಅದರಲ್ಲಿ ನಿಂತಿವೆ. ಆದರೆ ಕೋಳಿ ನಮ್ಮದಲ್ಲ, ಮಾರೋ ಹಕ್ಕೂ ನಮ್ಮದಲ್ಲ. ಹೆಂಗಸರ ಹೆಸರಲ್ಲಂತೂ ಏನೂ ಇಲ್ಲ.

ಹಾಗಂತ ಹಿತ್ತಲ ಕೋಳೀನ ಬ್ರಾಯ್ಲರೇ ಓಡಿಸಿತು ಅನ್ನೋದೂ ಪೂರ್ತಿ ಸರಿಯಲ್ಲ. ನಾಟಿ ಕೋಳಿಗೆ ಇವತ್ತೂ ಬ್ರಾಯ್ಲರಿಗಿಂತ ಹೆಚ್ಚು ರೇಟಿದೆ. ಹಿತ್ತಲು ಖಾಲಿ ಮಾಡಿಸೋದು ಕೊಕ್ಕರೆ ರೋಗ. 1920ರ ದಶಕದಲ್ಲಿ ಕುಮಾವೂಂ ಬೆಟ್ಟದ ರಾಣಿಖೇತ್‌ನಲ್ಲಿ ಕಂಡದ್ದಕ್ಕೆ ಆ ಊರ ಹೆಸರೇ ರೋಗಕ್ಕೆ ಅಂಟಿತು. ಬಂದರೆ ಒಂದೇ ವಾರದಲ್ಲಿ ಕೇರಿಯ ಗೂಡೆಲ್ಲಾ ಖಾಲಿ. ಲಸಿಕೆ ಇದೆ, ಹಳೇದೇ. ಮರಿಗೆ ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಾಸೋಟ, ಎಂಟು ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ತೊಡಕು ಎಲ್ಲಿ ಅಂದರೆ, ಒಂದು ಬಾಟಲಿ ಅಂದರೆ ನೂರು ಡೋಸು, ಅದಕ್ಕೂ ಮೇಲೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ತಣ್ಣಗೂ ಇಡಬೇಕು. ಸಾವಿರ ಕೋಳಿ ಶೆಡ್ಡಿಗೆ ಹೊಂದೋ ಬಾಟಲಿ, ಎಂಟು ಕೋಳಿ ಸಾಕೋ ಹೆಂಗಸಿಗೆ ಹೊಂದಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಹಿತ್ತಲಿಗೆ ಅಂತಲೇ ಗಿರಿರಾಜ ಕೋಳಿ ಕೊಟ್ಟಿತು. ಒಳ್ಳೇ ತಳಿ, ಬೇಗ ತೂಕ ಬರುತ್ತೆ. ಲಸಿಕೆ ಇಲ್ಲದಿದ್ದರೆ ಅದೂ ಉಳಿಯಲ್ಲ.

ಈಗ ಮನೇದೋ ಅಂಗಡೀದೋ ಅನ್ನೋದಕ್ಕೆ ನನ್ನ ಉತ್ತರ. ದಾರೀಲಿದ್ದೀರಾ, ಹಸಿವಾಗಿದೆ, ಬಿಸಿಯಾಗಿ ಕಂಬಿ ಮೇಲಿಂದ ಇಳಿಸಿಕೊಡ್ತಾರೆ ಅಂದರೆ ಧಾರಾಳವಾಗಿ ತಗೊಳ್ಳಿ, ಎರಡು ಗಂಟೆಯೊಳಗೆ ತಿಂದುಬಿಡಿ. ಮನೇಲಿ ಸುಡಬೇಕು ಅನ್ನಿಸಿದರೆ ಬ್ರಾಯ್ಲರೋ ಎಳೇ ಗಿರಿರಾಜನೋ ತಂದು, ಹಿಂದಿನ ರಾತ್ರಿಯೇ ಉಪ್ಪು ಖಾರ ಹಚ್ಚಿ, ಬಂಗಲೆ ಬಟ್ಲರ್ ಥರ ಬೆನ್ನು ಸೀಳಿ ಅಗಲ ಮಾಡಿ. ಇಡೀ ಕೋಳಿಗಿಂತ ಬೇಗ ಬೇಯುತ್ತೆ, ಎದೆ ಒಣಗೋ ಮೊದಲೇ ತೊಡೆ ಬೆಂದಿರುತ್ತೆ. ತೆಂಗಿನ ಚಿಪ್ಪಿನ ಕೆಂಡ ಸಾಕು. ಬಲಿತ ನಾಟಿ ಹುಂಜಾನ ಮಾತ್ರ ಸುಡೋಕೆ ಹೋಗಬೇಡಿ, ಅದು ಸಾರಿಂದು.

ಅದಕ್ಕಿಂತ ಮುಖ್ಯ ಕೆಲಸ ಒಂದಿದೆ. ನಿಮ್ಮ ಕೇರೀಲಿ ಯಾರ್ಯಾರ ಮನೇಲಿ ಎಷ್ಟೆಷ್ಟು ಕೋಳಿ ಇವೆ ಎಣಿಸಿ. ಹತ್ತು ಮನೆ ಸೇರಿದರೆ ನೂರಾಗುತ್ತೆ. ಸ್ತ್ರೀಶಕ್ತಿ ಸಂಘದವರು ಒಂದು ದಿನ ಗೊತ್ತು ಮಾಡಿ, ಪಶು ಆಸ್ಪತ್ರೇಲಿ ಕೇಳಿ, ಐಸ್ ಹಾಕಿದ ಫ್ಲಾಸ್ಕಲ್ಲಿ ಬಾಟಲಿ ತರಲಿ. ಸಂಜೆ ಕೋಳಿ ಗೂಡಿಗೆ ಸೇರಿದ ಮೇಲೆ ಹಿಡಿಯೋದು ಸುಲಭ. ಬೇಸಿಗೆ ಬಿಸಿಲು ಏರೋ ಮುಂಚೆ ಮುಗಿಸಿಬಿಡಿ.